ಸುಳ್ಯ, ಪುತ್ತೂರು ಹಾಗೂ ಕಡಬ ತಾಲ್ಲೂಕುಗಳಲ್ಲಿ ಸಾಲ ಮತ್ತು ಪತ್ತಿನ ವ್ಯವಸ್ಥೆ: ಇತಿಹಾಸ ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು ಮತ್ತು ಕಡಬ ತಾಲ್ಲೂಕುಗಳು ಅಡಿಕೆ, ರಬ್ಬರ್, ತೆಂಗು, ಕೊಕ್ಕೋ ಹಾಗೂ ಕಾಳುಮೆಣಸು ಬೆಳೆಯುವ ಪ್ರದೇಶಗಳಾಗಿರುತ್ತವೆ. ಇವೆಲ್ಲವೂ ಮಾರಾಟಕ್ಕಾಗಿಯೇ ಬೆಳೆಯುವ ಬೆಳೆಗಳಾದುದರಿಂದ ಇಲ್ಲಿನ ಕೃಷಿಕರ ಜೀವನವು ಪೇಟೆಯ ಧಾರಣೆಗೂ, ಧಾರಣೆಯು ಕುಸಿದಾಗ ಸಾಲಕ್ಕೂ ಬಹಳ ಹಿಂದಿನಿಂದಲೇ ಬೆಸೆದುಕೊಂಡಿದೆ. ಬೆಳೆ ಸಾಲ, ಲೇವಾದೇವಿ ಪರವಾನಗಿ, ಋಣಭಾರ ಬಿಡುಗಡೆ, ಠೇವಣಿ ದೂರು ಇತ್ಯಾದಿ ವಿಷಯಗಳಿಗಾಗಿ ಕಛೇರಿಗೆ ಬರುವ ನಾಗರಿಕರಲ್ಲಿ ಅನೇಕರು ನಿಯಮಗಳು ಹೀಗೇಕೆ ಇವೆ ಎಂದು ಕೇಳುವುದುಂಟು. ಪ್ರತಿಯೊಂದು ನಿಯಮದ ಹಿಂದೆಯೂ ಯಾವುದಾದರೊಂದು ಸಂಕಷ್ಟದ ಚರಿತ್ರೆ ಇರುವುದರಿಂದ, ಆ ಚರಿತ್ರೆಯನ್ನು ಸಂಕ್ಷಿಪ್ತವಾಗಿ ಇಲ್ಲಿ ನೀಡಲಾಗಿದೆ.

ಕಂದಾಯ ನಗದಾದಾಗ: 1837ರ ಅಮರ ಸುಳ್ಯದ ಬಂಡಾಯ

ಸುಳ್ಯ ಸೀಮೆಯು ಕೊಡಗಿನ ಅರಸರ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆದ ಧಾನ್ಯದ ರೂಪದಲ್ಲಿಯೇ ಸಲ್ಲಿಸುವ ಪದ್ಧತಿ ಇದ್ದಿತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡ ತರುವಾಯ ಅಮರ ಸುಳ್ಯ ಹಾಗೂ ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಂದಿನಿಂದ ಕಂದಾಯವನ್ನು ನಗದಾಗಿಯೇ ಪಾವತಿಸಬೇಕಾಯಿತು. ಬೆಳೆ ಇದ್ದರೂ ನಾಣ್ಯ ಇಲ್ಲದ ರೈತನು ಕಂತಿನ ದಿನಕ್ಕೆ ಸರಿಯಾಗಿ ಹಣ ಹೊಂದಿಸಲು ವರ್ತಕರ ಹಾಗೂ ಲೇವಾದೇವಿದಾರರ ಮುಂದೆ ನಿಲ್ಲಬೇಕಾಯಿತು. ಎಲ್ಲರೂ ಏಕಕಾಲಕ್ಕೆ ಭತ್ತ ಮಾರಲು ಹೊರಟಾಗ ಧಾರಣೆ ಇಳಿಯುತ್ತದೆ. ಧಾರಣೆ ಇಳಿದಾಗ ಅಷ್ಟೇ ಕಂದಾಯಕ್ಕೆ ಹೆಚ್ಚು ಭತ್ತ ಮಾರಬೇಕಾಗುತ್ತದೆ. ತೆರಿಗೆಯ ಮೊತ್ತವನ್ನು ಹೆಚ್ಚಿಸದೆಯೂ ಹೊರೆ ಹೆಚ್ಚುವುದು ಹೀಗೆ.

ಇದಕ್ಕೆ ಮೊದಲೇ, 1830-31ರಲ್ಲಿ, ಬೆಲೆ ಕುಸಿತದ ಕಾರಣ ಕೆನರಾ ಜಿಲ್ಲೆಯ ರೈತರು 'ಕೂಟ'ಗಳಾಗಿ ಸೇರಿ ಕಂದಾಯ ಕೊಡಲು ನಿರಾಕರಿಸಿದ್ದರು. 1837ರಲ್ಲಿ ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳತ್ವದಲ್ಲಿ ರೈತರು ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರನ್ನು ಪ್ರವೇಶಿಸಿ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಹಾರಿಸಿದರು. ಕೆಲವೇ ದಿನಗಳಲ್ಲಿ ಕಂಪೆನಿಯ ಸೈನ್ಯವು ದಂಗೆಯನ್ನು ಅಡಗಿಸಿ ನಾಯಕರನ್ನು ಗಲ್ಲಿಗೇರಿಸಿತು. ಜನರ ಬಾಯಲ್ಲಿ ಇದು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಉಳಿದುಬಂದಿದೆ. ರಾಮಯ್ಯ ಗೌಡರ ಪ್ರತಿಮೆಯನ್ನು 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ ಅನಾವರಣಗೊಳಿಸಲಾಗಿದೆ. ಈ ಹೋರಾಟವನ್ನು ಸ್ವಾತಂತ್ರ್ಯ ಸಂಗ್ರಾಮವೆಂದು ಸ್ಮರಿಸುವುದು ಯುಕ್ತವೇ ಆಗಿದೆ. ಆದರೆ ಅದರ ಬೇರಿನಲ್ಲಿ ನಗದಿನ ಅಭಾವ ಮತ್ತು ಸಾಲದ ಭಯ ಇದ್ದುದನ್ನು ಹೇಳುವವರು ಕಡಿಮೆ.

ಧಣಿ, ಒಕ್ಕಲು ಮತ್ತು ಆಟಿಯ ಸಾಲ

ನಂತರದ ನೂರು ವರ್ಷಗಳ ಕಾಲ ಈ ಪ್ರದೇಶದ ಸಾಲವು ಬಹುಮಟ್ಟಿಗೆ ಗೇಣಿ ಪದ್ಧತಿಯೊಳಗೇ ಅಡಗಿತ್ತು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿದ್ದರೆ, ಚಾಲಗೇಣಿದಾರನನ್ನು ಧಣಿಯು ಬಯಸಿದಾಗ ಬಿಡಿಸಬಹುದಾಗಿತ್ತು. ಗೇಣಿಯನ್ನು ಅಕ್ಕಿ ಮುಡಿಗಳ ಲೆಕ್ಕದಲ್ಲಿ ಅಳೆದುಕೊಟ್ಟ ಮೇಲೆ ಆಟಿ ತಿಂಗಳ ಮಳೆಗಾಲಕ್ಕೆ ಒಕ್ಕಲ ಮನೆಯಲ್ಲಿ ಅಕ್ಕಿ ಉಳಿಯುತ್ತಿರಲಿಲ್ಲ. ಆಗ ಅದೇ ಧಣಿಯಿಂದ ಅಕ್ಕಿಯನ್ನು ಕಡವಾಗಿ ತರಬೇಕು, ಮುಂದಿನ ಕೊಯ್ಲಿನಲ್ಲಿ ಹೆಚ್ಚುವರಿ ಸಹಿತ ಹಿಂದಿರುಗಿಸಬೇಕು. ಬರಹದ ಪತ್ರವಿಲ್ಲ, ಲೆಕ್ಕ ಧಣಿಯದೇ. ಸಾಲ ಕೊಡುವವನೂ ಭೂಮಿ ಕೊಡುವವನೂ ಒಬ್ಬನೇ ಆದುದರಿಂದ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ಒಕ್ಕಲಿಗೆ ಇರಲಿಲ್ಲ.

ಈ ಸ್ಥಿತಿಯು 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಮತ್ತಷ್ಟು ಬಿಗಡಾಯಿಸಿತು. ಏಷ್ಯಾದ ಅಕ್ಕಿ ಬೆಳೆಯುವ ದೇಶಗಳಲ್ಲೆಲ್ಲ ಧಾರಣೆ ಕುಸಿದು, ಬರ್ಮಾದಲ್ಲಿ ರೈತರ ಭೂಮಿಗಳು ಸಾಲ ಕೊಟ್ಟಿದ್ದ ಚೆಟ್ಟಿಯಾರ್ ಮನೆತನಗಳ ಕೈಸೇರಿದವು. ಅಂದು ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಪ್ರಾಂತದ ಸರ್ಕಾರವು 1938ರಲ್ಲಿ ಮದ್ರಾಸ್ ಕೃಷಿಕರ ಪರಿಹಾರ ಅಧಿನಿಯಮವನ್ನು ಜಾರಿಗೊಳಿಸಿತು. ಅದರಂತೆ 1932ರ ಅಕ್ಟೋಬರ್ 1ಕ್ಕೆ ಮುಂಚಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರವರೆಗೆ ಬಾಕಿಯಿದ್ದ ಬಡ್ಡಿ ಪೂರ್ಣ ರದ್ದಾಯಿತು. ಬಡ್ಡಿ, ಅಸಲು ಎಲ್ಲ ಸೇರಿ ಅಸಲಿನ ಎರಡರಷ್ಟನ್ನು ಈಗಾಗಲೇ ಕೊಟ್ಟಿದ್ದವನ ಸಾಲವೇ ತೀರಿತೆಂದು ಪರಿಗಣಿಸಲಾಯಿತು. ಬಡ್ಡಿಯು ಅಸಲನ್ನು ಮೀರಬಾರದೆಂಬ ದೇಶೀಯ ನ್ಯಾಯಪದ್ಧತಿಯ ಹಳೆಯ ತತ್ವಕ್ಕೆ ಇದು ಹತ್ತಿರವಾದದ್ದು. ಆದರೆ ಪತ್ರವೇ ಇಲ್ಲದ ಅಕ್ಕಿಯ ಕಡಕ್ಕೆ ಇಂತಹ ಕಾನೂನು ಎಷ್ಟರಮಟ್ಟಿಗೆ ತಲುಪಲು ಸಾಧ್ಯ ಎಂಬುದನ್ನು ಓದುಗರೇ ಊಹಿಸಬಹುದು.

ಗೇಣಿ ಮತ್ತು ಕಡದ ಈ ಗಂಟು ಬಿಡಿಸಿದ್ದು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ (ತಿದ್ದುಪಡಿ) ಅಧಿನಿಯಮದಡಿ ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಷನ್ ಸಲ್ಲಿಸಿ, ಭೂ ನ್ಯಾಯಮಂಡಳಿಯ ಮೂಲಕ ಅಧಿಭೋಗದ ಹಕ್ಕು ಪಡೆದರು. ಇದರ ಇನ್ನೊಂದು ಪರಿಣಾಮವನ್ನು ಗಮನಿಸಬೇಕು. ಸ್ವಂತ ಹೆಸರಿನಲ್ಲಿ ಪಹಣಿ ಇಲ್ಲದವನಿಗೆ ಯಾವ ಸಂಸ್ಥೆಯೂ ಭೂಮಿಯ ಆಧಾರದ ಮೇಲೆ ಸಾಲ ಕೊಡದು. 'ಡಿಕ್ಲರೇಷನ್ ಜಾಗ' ಎಂದು ಇಂದಿಗೂ ಕರೆಯಲಾಗುವ ಜಮೀನುಗಳ ಒಡೆಯರು ಸೊಸೈಟಿಯ ಸಾಲಕ್ಕೆ ಅರ್ಹರಾದುದು ಈ ಬದಲಾವಣೆಯ ನಂತರವೇ.

ಪುತ್ತೂರಿನ ಸಹಕಾರ ಚಳವಳಿ

ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವರು 1890ರ ದಶಕದಲ್ಲಿ ಗ್ರಾಮೀಣ ಸಾಲದ ಬಗ್ಗೆ ಅಧ್ಯಯನ ನಡೆಸಿ, ಜರ್ಮನಿಯ ರೈಫೈಸನ್ ಮಾದರಿಯ ಪತ್ತಿನ ಸಂಘಗಳನ್ನು ಶಿಫಾರಸು ಮಾಡಿದ್ದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಅಧಿನಿಯಮ ಜಾರಿಗೆ ಬಂದು, ಮರುವರ್ಷ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು (1880-1967) 1909ರಲ್ಲಿ ಪತ್ತಿನ ಸಂಘವನ್ನೂ, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನೂ ಆರಂಭಿಸಿದರು. ಜಿಲ್ಲಾ ಬ್ಯಾಂಕು ಹುಟ್ಟಿದ್ದು ಜಿಲ್ಲಾ ಕೇಂದ್ರವಾದ ಮಂಗಳೂರಿನಲ್ಲಿ ಅಲ್ಲ, ಪುತ್ತೂರಿನಲ್ಲಿ ಎಂಬುದು ಈ ತಾಲ್ಲೂಕಿನವರು ಅಭಿಮಾನದಿಂದ ಹೇಳುವ ಸಂಗತಿ.

ವಾಣಿಜ್ಯ ಬ್ಯಾಂಕುಗಳ ವಿಚಾರದಲ್ಲಿಯೂ ಜಿಲ್ಲೆಯು ಮುಂದಿದ್ದಿತು. ಕಾರ್ಪೊರೇಷನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಅವಿಭಜಿತ ಜಿಲ್ಲೆಯಲ್ಲಿ ಸ್ಥಾಪನೆಗೊಂಡವು. ಮನೆಬಾಗಿಲಿಗೆ ಬಂದು ದಿನವಹಿ ಹಣ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿರುತ್ತವೆ. ಹಳೆಯ ಬ್ಯಾಂಕಿನ ಹೆಸರಿನಲ್ಲಿ ಅಡಮಾನ ನೋಂದಣಿಯಾಗಿರುವವರು ತೀರುವಳಿ ಪತ್ರವನ್ನು ವಿಲೀನಗೊಂಡ ಬ್ಯಾಂಕಿನ ಶಾಖೆಯಿಂದ ಪಡೆಯಬೇಕು.

ಇಷ್ಟೆಲ್ಲ ಇದ್ದರೂ ಸಹಕಾರಿ ಸಾಲದ ಪ್ರಮಾಣವನ್ನು ಉತ್ಪ್ರೇಕ್ಷಿಸಬಾರದು. 1951-52ರ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯ ಪ್ರಕಾರ ದೇಶದ ಕೃಷಿಕರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇ. 3ರಷ್ಟು, ಲೇವಾದೇವಿದಾರರ ಪಾಲು ಶೇ. 70ರ ಸಮೀಪ.

ಧಾರಣೆ ಕುಸಿತಗಳು: ಅಡಿಕೆ, ಕೊಕ್ಕೋ, ರಬ್ಬರ್

ಅಡಿಕೆ ಗಿಡವು ಫಲ ಕೊಡಲು ಐದಾರು ವರ್ಷ ಬೇಕು. ಅಷ್ಟು ಕಾಲ ಸಾಲ ಮಾಡಿ ಕಾಯ್ದವನಿಗೆ ಫಸಲು ಬಂದ ವರ್ಷ ಧಾರಣೆ ಇಲ್ಲದಿದ್ದರೆ ದಾರಿಯೇ ಇಲ್ಲ. 1970ರ ಆಸುಪಾಸಿನಲ್ಲಿ ಆದುದು ಇದೇ. ಧಾರಣೆ ಕುಸಿದು ಬೆಳೆಗಾರರು ವರ್ತಕರು ಹೇಳಿದ ಬೆಲೆಗೆ ಮಾರಬೇಕಾದ ಸಂದರ್ಭದಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಂಸ್ಥೆಯಾಗಿ ಕ್ಯಾಂಪ್ಕೊ 1973ರ ಜುಲೈ 11ರಂದು ಮಂಗಳೂರಿನಲ್ಲಿ ಸ್ಥಾಪನೆಗೊಂಡಿತು. ವಾರಣಾಸಿ ಸುಬ್ರಾಯ ಭಟ್ಟರು ಸ್ಥಾಪಕಾಧ್ಯಕ್ಷರು. ಪೇಟೆಯಲ್ಲಿ ಮತ್ತೊಬ್ಬ ಖರೀದಿದಾರ ಇದ್ದಾನೆ ಎಂಬುದರಿಂದಲೇ ಧಾರಣೆಗೆ ಒಂದು ತಳ ದೊರೆಯಿತು.

ಕೊಕ್ಕೋದ ಕಥೆ ಇನ್ನೂ ಬೋಧಪ್ರದ. 1970ರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಯಲು ಖಾಸಗಿ ಕಂಪೆನಿಯೊಂದರ ಪ್ರೋತ್ಸಾಹ ದೊರೆತು ಸಾವಿರಾರು ಬೆಳೆಗಾರರು ಗಿಡ ನೆಟ್ಟರು. ದಶಕದ ಕೊನೆಗೆ ಜಾಗತಿಕ ಧಾರಣೆ ಇಳಿದು ಖರೀದಿ ನಿಂತಿತು. ಒಬ್ಬನೇ ಖರೀದಿದಾರನನ್ನು ನಂಬಿದ್ದವರು ಗಿಡಗಳನ್ನು ಕಡಿದರು. ಆಗ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು, ಮತ್ತು 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟ್ ಕಾರ್ಖಾನೆಯನ್ನು ಅಂದಿನ ರಾಷ್ಟ್ರಪತಿ ಜೈಲ್ ಸಿಂಗ್ ಅವರು ಉದ್ಘಾಟಿಸಿದರು.

ಮೂರನೆಯದು ರಬ್ಬರ್. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯವಾದ ಬಾತ್ ಅನ್ನು ಡಾಲರಿನಿಂದ ಬಿಡಿಸಿತು. ಅಲ್ಪಾವಧಿಗೆ ಡಾಲರಿನಲ್ಲಿ ತಂದ ಸಾಲವನ್ನು ದೀರ್ಘಾವಧಿಯ ಕಟ್ಟಡ, ಕಾರ್ಖಾನೆಗಳಲ್ಲಿ ತೊಡಗಿಸಿದ್ದೇ ಅಲ್ಲಿನ ದೋಷ. ನಾಣ್ಯದ ಬೆಲೆ ಇಳಿದೊಡನೆ ಸಾಲದ ಭಾರ ತಾನಾಗಿಯೇ ಏರಿತು. ಇಂಡೋನೇಷ್ಯಾ ಹಾಗೂ ದಕ್ಷಿಣ ಕೊರಿಯಾಕ್ಕೂ ಅದು ಹಬ್ಬಿ, ಮೂರೂ ದೇಶಗಳು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮೊರೆಹೋದವು. 1998ರ ಆರಂಭದಲ್ಲಿ ಕೊರಿಯಾದ ಗೃಹಸ್ಥರು ದೇಶದ ಸಾಲ ತೀರಿಸಲು ಮನೆಯ ಚಿನ್ನವನ್ನು ತಂದೊಪ್ಪಿಸಿದರು. ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾಗಳೇ ಅಂದು ಜಗತ್ತಿನ ಪ್ರಮುಖ ರಬ್ಬರ್ ಉತ್ಪಾದಕರಾಗಿದ್ದವು. ಅವುಗಳ ನಾಣ್ಯ ಅಗ್ಗವಾದಾಗ ರಬ್ಬರೂ ಅಗ್ಗವಾಯಿತು, ಹಾಗೂ ಸುಳ್ಯ, ಕಡಬದ ಬೆಳೆಗಾರರಿಗೆ ಕಿಲೋ ಹಾಳೆಯ ಧಾರಣೆ ಇಳಿಯಿತು. ಬಾತ್ ಎಂಬ ಹೆಸರನ್ನೂ ಕೇಳದವರ ಕಂತುಗಳು ಹೀಗೆ ತಪ್ಪಿದವು. ಅಡಿಕೆಯ ವಿಷಯದಲ್ಲಿಯೂ ಆಮದಿನ ಪ್ರಶ್ನೆ ಇರುವುದರಿಂದ ಕೇಂದ್ರ ಸರ್ಕಾರವು ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ ರೂ. 351ಕ್ಕೆ ಏರಿಸಿತು.

ಸಂಪಾಜೆ, ಅರಂತೋಡು ಭಾಗಗಳ ಅಡಿಕೆ ಹಳದಿ ಎಲೆ ರೋಗವು ಇವುಗಳಿಗಿಂತ ಭಿನ್ನವಾದದ್ದು. ಧಾರಣೆ ಉತ್ತಮವಿದ್ದರೂ ಮರದಲ್ಲಿ ಫಸಲಿಲ್ಲ. ಧಾರಣೆ ಕುಸಿತವು ಕೆಲವು ವರ್ಷಗಳಲ್ಲಿ ಸುಧಾರಿಸಬಹುದು, ಸಾಲದ ಅವಧಿಯನ್ನು ವಿಸ್ತರಿಸಿದರೆ ಸಾಕಾಗಬಹುದು. ತೋಟವೇ ನಶಿಸಿದವನಿಗೆ ಅವಧಿ ವಿಸ್ತರಣೆಯಿಂದ ಬಡ್ಡಿ ಬೆಳೆಯುತ್ತದೆಯೇ ಹೊರತು ಪ್ರಯೋಜನವಿಲ್ಲ. ಇಂತಹ ಅರ್ಜಿದಾರರು ಪರ್ಯಾಯ ಬೆಳೆಯ ಯೋಜನೆಯೊಡನೆ ಅರ್ಜಿ ಸಲ್ಲಿಸುವುದು ಸೂಕ್ತವೆಂದು ನಮ್ಮ ಅಭಿಪ್ರಾಯ.

ಸಾಲ ಮನ್ನಾ ಮತ್ತು ಬಡ್ಡಿ ರಿಯಾಯಿತಿ

1990ರಲ್ಲಿ ರೂ. 10,000ದವರೆಗಿನ ಸಾಲಗಳಿಗೆ, 2008ರಲ್ಲಿ ಸಣ್ಣ ಹಾಗೂ ಅತಿ ಸಣ್ಣ ರೈತರ ಸಾಲಗಳಿಗೆ ಕೇಂದ್ರ ಸರ್ಕಾರವು ಪರಿಹಾರ ನೀಡಿತು. ರಾಜ್ಯ ಸರ್ಕಾರವು 2017ರಲ್ಲಿ ಸಹಕಾರಿ ಸಂಸ್ಥೆಗಳ ರೂ. 50,000ದವರೆಗಿನ ಬೆಳೆ ಸಾಲವನ್ನು, 2018ರಲ್ಲಿ ಸಹಕಾರಿ ಸಂಸ್ಥೆಗಳಲ್ಲಿ ರೂ. 1 ಲಕ್ಷ ಹಾಗೂ ವಾಣಿಜ್ಯ ಬ್ಯಾಂಕುಗಳಲ್ಲಿ ರೂ. 2 ಲಕ್ಷದವರೆಗಿನ ಬೆಳೆ ಸಾಲವನ್ನು ಮನ್ನಾ ಮಾಡಿತು. ಕಾಲಕ್ಕೆ ಸರಿಯಾಗಿ ಮರುಪಾವತಿ ಮಾಡಿದವರು ತಮಗೇನು ದೊರೆಯಿತು ಎಂದು ಕೇಳುವುದು ನ್ಯಾಯವೇ. ಅವರಿಗಾಗಿ ಇರುವುದು ಬಡ್ಡಿ ರಿಯಾಯಿತಿ. 2023ರ ಆಯವ್ಯಯದಲ್ಲಿ ಸಹಕಾರಿ ಸಂಸ್ಥೆಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರೂ. 3 ಲಕ್ಷದಿಂದ ರೂ. 5 ಲಕ್ಷಕ್ಕೆ, ಶೇ. 3ರ ಬಡ್ಡಿಯ ಮಧ್ಯಮಾವಧಿ ಹಾಗೂ ದೀರ್ಘಾವಧಿ ಸಾಲದ ಮಿತಿಯನ್ನು ರೂ. 15 ಲಕ್ಷಕ್ಕೆ ಹೆಚ್ಚಿಸುವುದಾಗಿ ಘೋಷಿಸಲಾಯಿತು. ಗಡುವು ಮೀರಿದಲ್ಲಿ ಈ ರಿಯಾಯಿತಿ ತಪ್ಪಿ, ಸಾಮಾನ್ಯ ಬಡ್ಡಿ ತಗಲುತ್ತದೆ. ಗಡುವಿನ ದಿನಾಂಕವನ್ನು ಪಾಸ್ ಪುಸ್ತಕದಲ್ಲಿ ಬರೆಯಿಸಿಕೊಳ್ಳುವುದು ಅಗತ್ಯ. ಧಾರಣೆ ಏರಲೆಂದು ಚಾಲಿ ಅಡಿಕೆಯನ್ನು ದಾಸ್ತಾನಿರಿಸಿ ಗಡುವು ಮರೆಯುವವರೇ ಇದರಲ್ಲಿ ಹೆಚ್ಚು.

ಚಿನ್ನದ ಅಡವು ಮತ್ತು ಖಾಸಗಿ ಲೇವಾದೇವಿ

ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಸುಣ್ಣ, ಔಷಧಿ ಸಿಂಪಡಿಸುವವರ ಕೂಲಿ ಹಾಗೂ ಮಕ್ಕಳ ಶಾಲಾ ಶುಲ್ಕ, ಇವೆಲ್ಲಕ್ಕೂ ಒಂದೇ ಸಮಯದಲ್ಲಿ ಹಣ ಬೇಕಾಗುವುದರಿಂದ ಮೇ, ಜೂನ್ ತಿಂಗಳುಗಳಲ್ಲಿ ಚಿನ್ನ ಅಡವಿಡುವವರು ಹೆಚ್ಚು. ಇದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ಭಾರತ ಸರ್ಕಾರವೇ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಹಾಗೂ ಜಪಾನ್‌ಗಳ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟು, ಮುಂದೆ ಬಿಡಿಸಿಕೊಂಡಿತು. ಎಲ್ಲಿ ಅಡವಿಡುತ್ತೇವೆ, ಯಾವ ದರಕ್ಕೆ ಎಂಬುದೇ ಮುಖ್ಯ.

ಕರ್ನಾಟಕ ಲೇವಾದೇವಿದಾರರ ಅಧಿನಿಯಮ 1961 ಹಾಗೂ ಗಿರವಿದಾರರ ಅಧಿನಿಯಮ 1961ರ ಪ್ರಕಾರ ಈ ವ್ಯವಹಾರಕ್ಕೆ ಸಹಕಾರ ಇಲಾಖೆಯ ಪರವಾನಗಿ ಕಡ್ಡಾಯ. ಲೇವಾದೇವಿದಾರರಿಗೆ ನಿಗದಿಪಡಿಸಿರುವ ಗರಿಷ್ಠ ಬಡ್ಡಿಯು ಭದ್ರತೆ ಇರುವ ಸಾಲಕ್ಕೆ ವಾರ್ಷಿಕ ಶೇ. 14, ಭದ್ರತೆ ಇಲ್ಲದ ಸಾಲಕ್ಕೆ ಶೇ. 16. 'ನೂರಕ್ಕೆ ಮೂರು' ಎಂದು ಹೇಳಿದಾಗ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳ ಲೆಕ್ಕವಾದುದರಿಂದ ವರ್ಷಕ್ಕೆ ಶೇ. 36. ರೂ. 50,000 ಸಾಲಕ್ಕೆ ವರ್ಷಕ್ಕೆ ರೂ. 18,000 ಬಡ್ಡಿ. ಶೇ. 14ರ ದರದಲ್ಲಿ ಅದು ರೂ. 7,000 ಮಾತ್ರ. ಅತಿಯಾದ ಬಡ್ಡಿಯನ್ನು ನಿಷೇಧಿಸುವ 2004ರ ಪ್ರತ್ಯೇಕ ಅಧಿನಿಯಮವೂ ಇರುತ್ತದೆ.

ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ದುರ್ಬಲ ವರ್ಗದವರ ಖಾಸಗಿ ಸಾಲಗಳಿಗೆ 1976ರಲ್ಲಿ ಒಮ್ಮೆ, ಮತ್ತು 2019ರ ಜುಲೈನಲ್ಲಿ ಜಾರಿಗೆ ಬಂದ ಋಣ ಪರಿಹಾರ ಅಧಿನಿಯಮ 2018ರ ಮೂಲಕ ಇನ್ನೊಮ್ಮೆ ಪರಿಹಾರ ಒದಗಿಸಲಾಯಿತು. ಇವು ಬ್ಯಾಂಕ್ ಹಾಗೂ ಸಹಕಾರ ಸಂಘಗಳ ಸಾಲಕ್ಕೆ ಅನ್ವಯಿಸುವಂತಹವಲ್ಲ. ಈ ಬಗ್ಗೆ ತಪ್ಪು ತಿಳಿದು ಕಂತು ನಿಲ್ಲಿಸಿದವರು ತೊಂದರೆಗೊಳಗಾಗಿದ್ದಾರೆ. ಕಿರು ಸಾಲ ವಸೂಲಿಯಲ್ಲಿ ಬೆದರಿಕೆ, ಮನೆಮುಂದೆ ಕುಳಿತುಕೊಳ್ಳುವುದು, ಅವಮಾನಿಸುವುದು ಮೊದಲಾದ ಬಲವಂತದ ಕ್ರಮಗಳನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ನಂತರ ಅಧಿನಿಯಮವನ್ನಾಗಿ ಮಾಡಲಾಯಿತು. ಇದರಡಿ 10 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ರೂ. 5 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ದೂರನ್ನು ಪೊಲೀಸ್ ಠಾಣೆಯಲ್ಲಿ ಸಲ್ಲಿಸಬಹುದು.

ಠೇವಣಿದಾರರ ಗಮನಕ್ಕೆ

ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿದ ಪರಿಣಾಮವಾಗಿ 1962ರಲ್ಲಿ ಠೇವಣಿ ವಿಮೆ ಆರಂಭವಾಯಿತು. 2020ರ ಫೆಬ್ರವರಿ 4ರಿಂದ ಪ್ರತಿ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ರೂ. 5 ಲಕ್ಷದವರೆಗೆ ವಿಮೆ ಇರುತ್ತದೆ. ವಾಣಿಜ್ಯ ಬ್ಯಾಂಕುಗಳು, ಪಟ್ಟಣ ಸಹಕಾರಿ ಬ್ಯಾಂಕುಗಳು ಹಾಗೂ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಈ ವ್ಯಾಪ್ತಿಗೆ ಬರುತ್ತವೆ. ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದ ಸಹಕಾರಿಗಳು ಬರುವುದಿಲ್ಲ. ನಮ್ಮ ಜಿಲ್ಲೆಯ ಅನೇಕ ಗ್ರಾಮ ಸಂಘಗಳ ಹೆಸರಿನಲ್ಲಿ ಬಹುಕಾಲ 'ಸಹಕಾರಿ ಬ್ಯಾಂಕ್' ಎಂಬ ಪದ ಇದ್ದುದರಿಂದ ಜನರಲ್ಲಿ ಗೊಂದಲ ಉಳಿದಿದೆ. ಬ್ಯಾಂಕ್ ಪದದ ಇಂತಹ ಬಳಕೆಯ ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಇದರರ್ಥ ಗ್ರಾಮದ ಸಂಘಗಳು ಅಸುರಕ್ಷಿತವೆಂದಲ್ಲ. ಅಲ್ಲಿ ನಿಮ್ಮ ಹಣಕ್ಕೆ ರಕ್ಷಣೆಯೆಂದರೆ ಸಂಘದ ಆಡಳಿತ ಮತ್ತು ಲೆಕ್ಕಪರಿಶೋಧನೆ ಮಾತ್ರ. ವಾರ್ಷಿಕ ಮಹಾಸಭೆಯ ನೋಟೀಸಿನೊಡನೆ ಬರುವ ಲೆಕ್ಕಪರಿಶೋಧನಾ ವರದಿಯಲ್ಲಿ ಸುಸ್ತಿ ಸಾಲದ ಶೇಕಡಾವಾರು ಪ್ರಮಾಣವನ್ನು ನೋಡಬೇಕು. ಸಭೆಯ ಊಟಕ್ಕೆ ಬರುವವರಷ್ಟೇ ಜನರು ಆ ಪುಟವನ್ನು ಓದಿದರೆ ಇಲಾಖೆಯ ಕೆಲಸ ಎಷ್ಟೋ ಹಗುರವಾದೀತು.

ಪಹಣಿಯಲ್ಲಿ ಉಳಿದ ತೀರಿದ ಸಾಲ

ಕಛೇರಿಗೆ ಬರುವ ಅರ್ಜಿಗಳಲ್ಲಿ ಅತ್ಯಂತ ಸಾಮಾನ್ಯವಾದುದು ಇದು. ಕೃಷಿ ಸಾಲ ಪಡೆಯುವಾಗ ಮಾಡಿಕೊಡುವ ಘೋಷಣಾ ಪತ್ರದ ಆಧಾರದ ಮೇಲೆ ಜಮೀನಿನ ಮೇಲಿನ ಋಣಭಾರವನ್ನು ಪಹಣಿಯ 11ನೇ ಅಂಕಣದಲ್ಲಿ ದಾಖಲಿಸಲಾಗುತ್ತದೆ. ಸಾಲ ತೀರಿದರೂ ಈ ನಮೂದು ತಾನಾಗಿ ಅಳಿಯುವುದಿಲ್ಲ. ತಂದೆಯವರು ತೀರಿಸಿದ ಸಾಲವೊಂದು ಪಹಣಿಯಲ್ಲಿ ಉಳಿದು, ಮಕ್ಕಳು ಪಾಲು ಮಾಡಿಕೊಳ್ಳುವಾಗ ಅಥವಾ ಹೊಸ ಸಾಲಕ್ಕೆ ಹೋದಾಗ ಬೆಳಕಿಗೆ ಬರುವುದುಂಟು. ಅಷ್ಟರಲ್ಲಿ ರಶೀದಿ ಗೆದ್ದಲು ತಿಂದಿರುತ್ತದೆ. ಈ ಲೇಖನ ಸಿದ್ಧಪಡಿಸಿದವರ ಮನೆಯಲ್ಲಿಯೂ ಹೀಗಾಗಿ, ಹಳೆಯ ಲೆಡ್ಜರ್ ಹುಡುಕಿಸಲು ಎರಡು ಮಳೆಗಾಲಗಳು ಹಿಡಿದವು.

ಆದುದರಿಂದ ಕೊನೆಯ ಕಂತು ಪಾವತಿಸಿದ ದಿನವೇ ಸಂಘದಿಂದ ಅಥವಾ ಬ್ಯಾಂಕಿನಿಂದ ತೀರುವಳಿ ಪತ್ರವನ್ನು ಹಾಗೂ ಋಣಭಾರ ಬಿಡುಗಡೆಯ ಪತ್ರವನ್ನು ಕೇಳಿ ಪಡೆಯಬೇಕು. ನೋಂದಾಯಿತ ಅಡಮಾನವಾಗಿದ್ದಲ್ಲಿ ಉಪನೋಂದಣಿ ಕಛೇರಿಯಲ್ಲಿ ಬಿಡುಗಡೆ ಪತ್ರ ನೋಂದಾಯಿಸಿ, ತಾಲ್ಲೂಕು ಕಛೇರಿಯ ಭೂಮಿ ಕೇಂದ್ರದಲ್ಲಿ ನಮೂದು ತೆಗೆದಿರುವುದನ್ನು ಹೊಸ ಪಹಣಿ ಪಡೆದು ಖಚಿತಪಡಿಸಿಕೊಳ್ಳಬೇಕು. ಬೇರೆಯವರ ಸಾಲಕ್ಕೆ ಜಾಮೀನು ನಿಂತವರೂ ತಮ್ಮ ಹೊಣೆ ಮುಗಿದ ಬಗ್ಗೆ ಲಿಖಿತ ಪತ್ರ ಪಡೆಯುವುದು ಒಳಿತು. ಸಾಲಗಾರನು ತಪ್ಪಿದಲ್ಲಿ ಜಾಮೀನುದಾರನ ಮೇಲೂ ವಸೂಲಿ ಕ್ರಮ ಜರುಗಿಸಲು ಅವಕಾಶವಿರುತ್ತದೆ. ಸಂಘ ಹಾಗೂ ಸದಸ್ಯರ ನಡುವಣ ಇಂತಹ ವಿವಾದಗಳನ್ನು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959ರ ಕಲಂ 70ರಡಿ ಸಲ್ಲಿಸಬಹುದಾಗಿದ್ದು, ಪಹಣಿಯ ಪ್ರತಿ, ಪಾಸ್ ಪುಸ್ತಕ, ಪಾವತಿ ರಶೀದಿಗಳು ಹಾಗೂ ಸಂಘದೊಡನೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು ಅರ್ಜಿಯೊಡನೆ ಲಗತ್ತಿಸತಕ್ಕದ್ದು.